ಎರಡು ಬಾಗಿಲಿನ ನೀಲಿ ಗಾಡಿ

ಅಕ್ಕಲಕೋಟ
6 ಜನವರಿ 2025

ತೀರ್ಥರೂಪ ಸಮಾನರಾದ ದಾಮೋದರ ಕಾಕಾ ಅವರಿಗೆ ಶಾರದಾಬಾಯಿಯ ನಮಸ್ಕಾರ.

ಮುಂದೆ ಓದುವ ಮೊದಲು ಜಾನಕಿ ಕಾಕೂ ಕಡೆಯಿಂದ ಒಂದು ಕಪ್ ಚಹಾ ಮಾಡಿಸಿಕೊಳ್ಳಿ. ನೀವು ನಗುತ್ತೀರೋ ಬೈಯುತ್ತೀರೋ ನನಗೆ ಗೊತ್ತಿಲ್ಲ. ನಾನು ಒಂದು ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದಿದ್ದೇನೆ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಎರಡೇ ಬಾಗಿಲು, ಎರಡೇ ಸೀಟು, ಕಡುನೀಲಿ ಬಣ್ಣ.

ನನಗೀಗ ನಲವತ್ತೆಂಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ಟ್ರ್ಯಾಕ್ಟರ್ ಹತ್ತಿದವಳು ಇನ್ನೂ ಇಳಿದಿಲ್ಲ. ಇಷ್ಟು ವರ್ಷ ಓಡಿಸಿದ ಪ್ರತಿಯೊಂದು ಗಾಡಿಯಲ್ಲೂ ಏನಾದರೊಂದು ಹೇರಿಕೊಂಡೇ ಹೋಗಿದ್ದೇನೆ: ಕಬ್ಬು, ಗೊಬ್ಬರ, ಯಾರದೋ ಮದುವೆಯ ಪಾತ್ರೆ, ಕಡೆಗೆ ಜೀಪಿನಲ್ಲಿ ನಮ್ಮ ಅತ್ತೆಯವರನ್ನು ಆಸ್ಪತ್ರೆಗೆ. ಏನನ್ನೂ ಹೇರಲು ಬಾರದ ಒಂದು ಗಾಡಿ ನನಗೆ ಬೇಕಾಗಿದೆ. ಇದನ್ನು ನಮ್ಮ ಯಜಮಾನರಿಗೆ ಹೇಳಿದೆ. ಶಾಂತಲಿಂಗಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಅದರಾಗ ನಾ ಎಲ್ಲಿ ಕೂಡ್ಲಿ?" ಎಂದರು.

"ನನ್ನ ಬಾಜೂಕ."

"ಮತ್ತ ದ್ರಾಕ್ಷಿ ಡಬ್ಬಿ?"

"ಅವು ಬೀರಣ್ಣನ ಗಾಡ್ಯಾಗ."

"ಹಂಗಾದ್ರ ತಗೋ," ಎಂದರು. ಅಷ್ಟೇ.

ಹದಿನಾಲ್ಕು ವರ್ಷದ ಹಿಂದೆ ನಮ್ಮ ಟ್ರ್ಯಾಕ್ಟರ್ ಹಳ್ಳಕ್ಕೆ ಬಿದ್ದಾಗ ವಿಮಾ ಸರ್ವೇಯರ್ ಆಗಿ ಬಂದವರು ನೀವು. ಡ್ರೈವರ್ ಕುಡಿದಿದ್ದ ಎಂದು ಊರೆಲ್ಲ ಹೇಳುತ್ತಿದ್ದಾಗ ನೀವು ಕೆಸರಿನಲ್ಲಿ ಮಲಗಿ, ಮುರಿದ ಸ್ಟೇರಿಂಗ್ ರಾಡನ್ನು ಹೊರಗೆಳೆದು ಎಲ್ಲರಿಗೂ ತೋರಿಸಿದಿರಿ. ಅಂದಿನಿಂದ ಗಾಡಿಯ ವಿಷಯದಲ್ಲಿ ನಿಮ್ಮ ಮಾತೇ ನನಗೆ ಕೊನೆ. ಫೋನ್ ಮಾಡಿದರೆ ಈಗ ನಿಮಗೆ ಕಿವಿ ಕೇಳಿಸುವುದಿಲ್ಲ, ಮೊಬೈಲಿನ ಪರದೆಯನ್ನಂತೂ ನೀವು ಮುಟ್ಟುವುದಿಲ್ಲ. ಅದಕ್ಕೇ ಈ ಪತ್ರ. ದಿನಾ ಮುಂಜಾನೆ ಸೊಲ್ಲಾಪುರದ ಮಾರ್ಕೆಟ್ಟಿಗೆ ಬರುವ ಬೀರಣ್ಣನ ಕೈಯಲ್ಲೇ ಉತ್ತರ ಕೊಟ್ಟು ಕಳಿಸಿ.

ಗಾಡಿ ಇರುವುದು ಸೊಲ್ಲಾಪುರದ ಒಬ್ಬ ವ್ಯಾಪಾರಿಯ ಹತ್ತಿರ. ಪರಿಚಯದವರು ಹೇಳಿದ್ದು. ಹೆಸರು ಈಗ ಬೇಡ. ನೀವು ಬಂದು ನೋಡುವುದೂ ಬೇಡ, ಈ ವಯಸ್ಸಿನಲ್ಲಿ ಓಡಾಟ ಯಾಕೆ? ಏನೇನು ನೋಡಬೇಕೆಂದು ಬರೆದರೆ ಸಾಕು, ನಾನೇ ನೋಡುತ್ತೇನೆ.

ನಿಮ್ಮ,
ಶಾರದಾ


ಸೊಲ್ಲಾಪುರ
9 ಜನವರಿ 2025

ಶಾರದಾ,

ನಕ್ಕೆ. ಆಮೇಲೆ ಜಾನಕಿಗೂ ಓದಿ ಹೇಳಿದೆ. ಅವಳು ನಗಲಿಲ್ಲ. "ತಗೊಳ್ಲಿ ಬಿಡ್ರಿ, ಛಲೋ ಆಗ್ತದ," ಎಂದು ಬರೆದು ತೋರಿಸಿ ಒಳಗೆ ಹೋದಳು.

ಈಗ ಕೇಳು. ಮುಂಜಾನೆ ಹೋಗು, ಹೇಳದೆ ಹೋಗು. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನೀನು ಬರುವ ಮೊದಲೇ ಎಂಜಿನ್ ಶುರು ಮಾಡಿಟ್ಟಿದ್ದಾರೆ ಎಂದು ಅರ್ಥ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ, ಅದಕ್ಕೇ ಮಾರುವವರು ಬಿಸಿ ಮಾಡಿಡುತ್ತಾರೆ. ಗಾಡಿಯನ್ನು ಶೆಡ್ಡಿನಿಂದ ಬಿಸಿಲಿಗೆ ತರಿಸು. ಒಂದು ಚಿಕ್ಕ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಬಾಗಿಲು, ಮಡ್‌ಗಾರ್ಡುಗಳ ಮೇಲೆ ಆಡಿಸು. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ನೆಗ್ಗಿದ್ದನ್ನು ಮುಚ್ಚಲು ಬಣ್ಣದ ಕೆಳಗೆ ಪುಟ್ಟಿ ಮೆತ್ತಿರಬಹುದು.

ಸಂಸಾರದ ಗಾಡಿ ನೋಡುವ ಹಾಗೆ ಇದನ್ನು ನೋಡಬೇಡ. ಇಂಥ ಗಾಡಿ ಕೊಳ್ಳುವವರು ಹೋಗಿ ಸೇರಲು ಕೊಳ್ಳುವುದಿಲ್ಲ, ಎಷ್ಟು ಜೋರು ಓಡುತ್ತದೆಂದು ಜಗ್ಗಿ ನೋಡಲು ಕೊಳ್ಳುತ್ತಾರೆ. ಕ್ಲಚ್ ಸವೆದಿರುತ್ತದೆ, ಬ್ರೇಕ್ ಸುಟ್ಟಿರುತ್ತದೆ. ನಾಲ್ಕೂ ಟಯರ್ ಒಂದೇ ಜಾತಿಯವೇ? ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆ. ಬುಡದಲ್ಲಿ ಒಂದು ಚೀಟಿ ಹೊಲಿದಿರುತ್ತಾರೆ, ಅದರ ಮೇಲೆ ತಯಾರಾದ ವರ್ಷವಿರುತ್ತದೆ. ಗಾಡಿಯ ವರ್ಷಕ್ಕೂ ಬೆಲ್ಟಿನ ವರ್ಷಕ್ಕೂ ತಾಳೆಯಾಗದಿದ್ದರೆ ಯಾಕೆಂದು ಕೇಳು. ಜೋರಾಗಿ ಗುದ್ದಿದ ಗಾಡಿಯ ಬೆಲ್ಟ್ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಬದಲಿಸಲೇಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ, ಆಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತಿರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಚಾಸಿ ನಂಬರ್. ಸೀಟಿನ ಬದಿಯ ತಗಡಿನ ಮೇಲೆ ಕೊರೆದಿರುತ್ತದೆ. ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ, ಆ ಕಾಗದವನ್ನು ನನಗೆ ಕಳಿಸು. ಒಂದು ಪೈಸೆಯನ್ನೂ ಮುಂಗಡ ಕೊಡಬೇಡ.

ವ್ಯಾಪಾರಿಯ ಮಾತನ್ನು ಕೇಳು, ನಂಬಬೇಡ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರ ಜಾತಿಯೇ ಬೇರೆ. ನಲವತ್ತು ವರ್ಷ ನೋಡಿದ್ದೇನೆ.

ಮಗ ಪರಾಗನ ಬಗ್ಗೆ ನೀನು ಕೇಳಲಿಲ್ಲ. ಅವನು ಪುಣೆಯಲ್ಲಿ ಚೆನ್ನಾಗಿದ್ದಾನೆ. ಕಂಪನಿ ಕೆಲಸ, ಬಂದುಹೋಗಲು ರಜೆ ಸಿಗುವುದಿಲ್ಲ.

ಆಶೀರ್ವಾದಗಳು.
ದಾಮೋದರ


ಅಕ್ಕಲಕೋಟ
15 ಜನವರಿ 2025

ಕಾಕಾ ಅವರಿಗೆ ನಮಸ್ಕಾರ.

ಹೋಗಿದ್ದೆ. ನೀವು ಹೇಳಿದಂತೆ ಹೇಳದೆ ಹೋದೆ. ಬಾನೆಟ್ ಕಲ್ಲಿನ ಹಾಗೆ ತಣ್ಣಗಿತ್ತು. ವ್ಯಾಪಾರಿ ಸಭ್ಯ ಮನುಷ್ಯ, ಮೂವತ್ತೈದರ ಆಸುಪಾಸು. ನಾನು ಅಯಸ್ಕಾಂತ ತೆಗೆದಾಗ ಅವನ ಮುಖದಲ್ಲಿ ಏನೋ ಬದಲಾಯಿತು.

"ಇದನ್ನ ಯಾರ ಹೇಳಿಕೊಟ್ರು ನಿಮಗ?" ಎಂದ.

"ಒಬ್ರು ದೊಡ್ಡವ್ರು ಅದಾರ," ಎಂದೆ.

ಅವನು ಮತ್ತೆ ಕೇಳಲಿಲ್ಲ. ಅಯಸ್ಕಾಂತ ಎಲ್ಲ ಕಡೆಯೂ ಅಂಟಿತು. ಟಯರ್ ನಾಲ್ಕೂ ಒಂದೇ. ಬೆಲ್ಟ್ ಎಳೆದು ನೋಡಿದರೆ 2020 ಎಂದಿದೆ, ಗಾಡಿ ಮಾತ್ರ 2014ರದು. ಕೇಳಿದೆ. "ಹಳೇ ಮಾಲಕನ ಮನ್ಯಾಗ ಇಲಿ ಕಡದಿದ್ವಂತ್ರಿ, ಅದಕ್ಕ ಬದಲ್ಸ್ಯಾರ," ಎಂದ. ನಮ್ಮ ಜೀಪಿನ ವೈರನ್ನೂ ಇಲಿ ಕಡಿದಿದ್ದವಲ್ಲ, ಇರಬಹುದು ಎನಿಸಿತು. ಏರ್‌ಬ್ಯಾಗಿನ ದೀಪ ನೋಡುವುದನ್ನು ಮರೆತುಬಿಟ್ಟೆ. ಅದಕ್ಕೆ ಕಾರಣ, ಕೀಲಿ ತಿರುಗಿಸಿದ ಕೂಡಲೇ ಬಂದ ಸದ್ದು.

ಕಾಕಾ, ಅದನ್ನು ಹೇಗೆ ಬರೆಯಲಿ? ಅಕ್ಕಲಕೋಟ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಓಡಿಸಿದೆ. ನೆಲ ಎಷ್ಟು ಹತ್ತಿರವೆಂದರೆ ಕಿಟಕಿಯಿಂದ ಕೈ ಚಾಚಿದರೆ ಡಾಂಬರು ಸಿಗುತ್ತದೇನೋ ಎನಿಸಿತು. ಕಾಲು ತುಸು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಒಬ್ಬಳೇ ನಕ್ಕೆ. ವ್ಯಾಪಾರಿ ಪಕ್ಕದಲ್ಲೇ ಇದ್ದಾನೆಂಬುದೂ ಮರೆತುಹೋಗಿತ್ತು. ಬ್ರೇಕ್ ಹಾಕಿದಾಗ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಅದು ಚಕ್ರದ ಅಲೈನ್‌ಮೆಂಟ್, ಮಾಡಿಸಿಕೊಡುತ್ತೇನೆ ಎಂದ.

ಚಾಸಿ ನಂಬರಿನ ಕಾಗದ ಇದರ ಜೊತೆಗಿದೆ. ಪುಣೆಯ ಕಡೆಯ ಇನ್ನೊಬ್ಬ ಗಿರಾಕಿಯೂ ಕೇಳುತ್ತಿದ್ದಾನಂತೆ, ಹಾಗಾಗಿ ಬೇಗ ಬರೆಯಿರಿ. ನಾನು ಮನಸ್ಸು ಮಾಡಿಬಿಟ್ಟಿದ್ದೇನೆ. ನಿಮ್ಮ ಒಂದು 'ಹೂಂ' ಬೇಕು, ಅಷ್ಟೇ.

ಶಾರದಾ


ಸೊಲ್ಲಾಪುರ
17 ಜನವರಿ 2025

ಶಾರದಾ,

ಆ ಗಾಡಿಯನ್ನು ಕೊಳ್ಳಬೇಡ. ಅದರಲ್ಲಿ ಇನ್ನೊಮ್ಮೆ ಕೂರಲೂ ಬೇಡ.

ನೀನು ಕಳಿಸಿದ ನಂಬರನ್ನು ನನ್ನ ಹಳೆಯ ಡೈರಿಗಳಲ್ಲಿ ಹುಡುಕಿದೆ. ಕೊನೆಯ ಅಂಕಿಗಳು ಏಳು ಮೂರು ಒಂದು ಆರು. 2019ರ ಜುಲೈ, ಹೈದರಾಬಾದ್ ರಸ್ತೆ. ನಾನೇ ಸರ್ವೇ ಮಾಡಿದ ಗಾಡಿ ಅದು. ನಿಂತ ಲಾರಿಯ ಹಿಂಭಾಗಕ್ಕೆ ನುಗ್ಗಿತ್ತು. ಎಂಜಿನ್ ಸೀಟಿನವರೆಗೆ ಬಂದಿತ್ತು. ಓಡಿಸುತ್ತಿದ್ದವನಿಗೆ ಇಪ್ಪತ್ಮೂರು ವರ್ಷ. ಅವನ ತಂದೆ ನನ್ನ ಎರಡೂ ಕೈ ಹಿಡಿದು, "ಸಾಹೇಬ್ರ, ಈ ಗಾಡಿ ಮತ್ತ ರಸ್ತೇಕ ಬರಬಾರದ್ರಿ," ಎಂದ. ಬರುವುದಿಲ್ಲ ಎಂದು ಮಾತು ಕೊಟ್ಟೆ. ಟೋಟಲ್ ಲಾಸ್, ಗುಜರಿಗೆ ಮಾತ್ರ, ಎಂದು ವರದಿ ಬರೆದೆ.

ಯಾರೋ ಅದರ ಹಿಂದಿನ ಅರ್ಧವನ್ನು ಉಳಿಸಿಕೊಂಡು, ಬೇರೆ ಗಾಡಿಯ ಮುಂದಿನ ಅರ್ಧವನ್ನು ಅದಕ್ಕೆ ಬೆಸೆದಿದ್ದಾರೆ. ಕಾಲಿಡುವ ಜಾಗದ ಮ್ಯಾಟ್ ಎತ್ತಿದರೆ ಅಡ್ಡಕ್ಕೆ ಬೆಸುಗೆಯ ಗೆರೆ ಸಿಗುತ್ತದೆ. ಎಡಕ್ಕೆ ಎಳೆಯುವುದು ಅಲೈನ್‌ಮೆಂಟ್ ಅಲ್ಲ. ವೇಗದಲ್ಲಿ ಒಂದು ದೊಡ್ಡ ಗುಂಡಿ ಸಿಕ್ಕರೆ ಸಾಕು, ಗಾಡಿ ನಡುವಿನಲ್ಲೇ ಬಿಚ್ಚಿಕೊಳ್ಳಬಹುದು.

ಇಲಿಯ ಕಥೆ ಹೇಳಿದವನಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೂ ಮಾರುವವನನ್ನು ವ್ಯಾಪಾರಿ ಎನ್ನುವುದಿಲ್ಲ, ಕೊಲೆಗಡುಕ ಎನ್ನುತ್ತಾರೆ. ಇಂಥವನನ್ನು ಹೆತ್ತವರು ಯಾರೋ! ಅವನ ಹೆಸರು ಮತ್ತು ವಿಳಾಸವನ್ನು ನಾಳೆಯೇ ಕಳಿಸು.

ದಾಮೋದರ


ಅಕ್ಕಲಕೋಟ
19 ಜನವರಿ 2025

ಕಾಕಾ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಡೈರಿಯಲ್ಲಿ ಒಂದು ಅಂಕಿ ಆಚೀಚೆ ಆಗಿರಲು ಸಾಧ್ಯವಿಲ್ಲವೇ? ನನ್ನ ಪೆನ್ಸಿಲ್ ಎಲ್ಲೋ ಜಾರಿರಬಹುದು.

ಇನ್ನೊಂದು ಮಾತು. ಮಾರುವವನಿಗೆ ಗೊತ್ತಿರಲಾರದು ಎಂದು ನನಗೆ ಅನಿಸುತ್ತದೆ. ನಾನು ಬ್ರೇಕ್ ಒತ್ತಿದಾಗ ಅವನು ಪಕ್ಕದ ಸೀಟಿನಲ್ಲಿ ಆರಾಮಾಗಿ ಕುಳಿತಿದ್ದ. ಗೊತ್ತಿದ್ದವನು ಹಾಗೆ ಕುಳಿತಾನೇ? ನೀವು ಬಳಸಿದ ಶಬ್ದ ದೊಡ್ಡದು. ಅದನ್ನು ಇನ್ನಾರ ಮುಂದೆಯೂ ಆಡಬೇಡಿ. ಹೆಸರು ಕೇಳಬೇಡಿ. ನನಗೆ ಒಂದು ವಾರ ಕೊಡಿ, ನಾನೇ ಮಾತಾಡುತ್ತೇನೆ.

ಶಾರದಾ


ಸೊಲ್ಲಾಪುರ
21 ಜನವರಿ 2025

ಶಾರದಾಬಾಯಿ ಅವರಿಗೆ,

ನಿಮ್ಮ ಪತ್ರ ತಲುಪಿತು. ಹನ್ನೆರಡು ಕಿಲೋಮೀಟರ್ ಓಡಿಸಿ ಆ ಗಾಡಿಗೆ ಮರುಳಾಗಿದ್ದೀರಿ. ಅದಕ್ಕೇ ನನ್ನ ಡೈರಿಯಲ್ಲಿ ತಪ್ಪು ಹುಡುಕುತ್ತೀರಿ, ಮಾರುವವನಲ್ಲಿ ಸಭ್ಯತೆ ಹುಡುಕುತ್ತೀರಿ. ನನ್ನ ಡೈರಿಯಲ್ಲಿ ಅಂಕಿ ತಪ್ಪುವುದಿಲ್ಲ.

ಒಂದು ವಾರ ಎಂದು ಬರೆದಿದ್ದೀರಿ. ಆ ವಾರದಲ್ಲಿ ಪುಣೆಯ ಗಿರಾಕಿ ಅದನ್ನು ಒಯ್ದರೆ? ನೀವು ಹೆಸರು ಕೊಡದಿದ್ದರೂ ನಂಬರ್ ನನ್ನ ಕೈಯಲ್ಲಿದೆ. ನಾಳೆ ಬುಧವಾರ ಆರ್‌ಟಿಓ ಕಚೇರಿಗೆ ಹೋಗಿ ಅರ್ಜಿ ಕೊಡುತ್ತೇನೆ. ಮಾರುವವನನ್ನು ಅವರೇ ಹುಡುಕುತ್ತಾರೆ.

ದಾ. ಕುಲಕರ್ಣಿ


ಅಕ್ಕಲಕೋಟ
24 ಜನವರಿ 2025

ಕಾಕಾ ಅವರಿಗೆ,

ಇದನ್ನು ನೀವು ಕುಳಿತು ಓದಬೇಕು.

ಆ ವ್ಯಾಪಾರಿ ನಿಮ್ಮ ಪರಾಗ.

ನೀವು ಎಲ್ಲರಿಗೂ ಹೇಳುವ ಹಾಗೆ ಅವನು ಪುಣೆಯಲ್ಲಿಲ್ಲ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಮೂರು ವರ್ಷದ ಹಿಂದೆ ಸೊಲ್ಲಾಪುರದಲ್ಲೇ ಅವನ ಅಂಗಡಿಯ ಉದ್ಘಾಟನೆಯ ದಿನ ನೀವು ಮೊದಲ ಗಿರಾಕಿಯ ಎದುರಿಗೇ ಗಾಡಿಯ ಬಾನೆಟ್ ತೆಗೆದು ಅದರ ಎಂಟು ದೋಷ ಎಣಿಸಿದ್ದು, ಗಿರಾಕಿ ಎದ್ದು ಹೋದದ್ದು, ಇನ್ನು ಇಲ್ಲಿ ಕಾಲಿಡಬೇಡಿ ಎಂದು ಅವನು ಹೇಳಿದ್ದು, ಎಲ್ಲವನ್ನೂ ಕಾಕೂ ಹೇಳಿದ್ದಾರೆ. ಗಾಡಿ ಕೊಳ್ಳುವುದಾದರೆ ಪರಾಗನ ಹತ್ತಿರವೇ ಕೊಳ್ಳು ಎಂದವರೂ ಅವರೇ. ನಿಮ್ಮ ಸಲಹೆ, ಅವನ ಗಾಡಿ. ಎರಡೂ ಕೂಡಿದರೆ ಯಾವತ್ತಾದರೂ ನೀವಿಬ್ಬರೂ ಕೂಡುತ್ತೀರಿ ಎಂದು ನಾವು ಹೆಂಗಸರು ಲೆಕ್ಕ ಹಾಕಿದ್ದೆವು. ಅಯಸ್ಕಾಂತ ಕಂಡಾಗಲೇ ಅವನಿಗೆ ನಿಮ್ಮ ಗುರುತು ಸಿಕ್ಕಿತ್ತು. ಹೊರಡುವಾಗ, "ಬಾಬಾಗ ನನ್ನ ಹೆಸರ ಹೇಳಬ್ಯಾಡ್ರಿ ಅಕ್ಕಾ, ಹೇಳಿದ್ರ ಗಾಡಿ ಚಂದ ಇದ್ರೂ ಬ್ಯಾಡ ಅಂತಾರ," ಎಂದಿದ್ದ.

ನಿಮ್ಮ 17ರ ಪತ್ರ ಬಂದ ದಿನವೇ ನಾನು ಅವನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನೀವು ಬರೆದ ಆ ಶಬ್ದವನ್ನು ನೋಡಿ ಹೆದರಿದೆ. ಅದು ಅರ್ಧ ಸತ್ಯ. ಉಳಿದ ಅರ್ಧ, ಗಾಡಿ ಕೈತಪ್ಪುವುದು ನನಗೆ ಬೇಡವಾಗಿತ್ತು. ನೀವು ಬರೆದದ್ದು ಸರಿ, ನಾನು ಮರುಳಾಗಿದ್ದೆ.

ನಿನ್ನೆ ಮುಂಜಾನೆ ಜೀಪಿನಲ್ಲಿ ಅವನ ಶೆಡ್ಡಿಗೆ ಹೋದೆ. ನೀಲಿ ಗಾಡಿ ಇರಲಿಲ್ಲ.

"ಪುಣೆ ಗಿರಾಕಿ ಟ್ರಾಯಲ್‌ಗೆ ಒಯ್ದಾರ್ರಿ," ಎಂದ. "ಗಂಡ ಹೆಂಡ್ತಿ ಬಂದಿದ್ರು. ಯಾಕ, ಏನಾತು?"

ನಿಮ್ಮ ಪತ್ರವನ್ನು ಅವನ ಕೈಗಿಟ್ಟೆ. ಮರಾಠಿ ಶಾಲೆಯಲ್ಲಿ ಕಲಿತ ಅವನಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಓದಿದೆ. ಆ ಶಬ್ದವನ್ನೂ, ಹೆತ್ತವರ ಮಾತನ್ನೂ ಬಿಡದೆ ಓದಿದೆ. "ಹರಾಜಿನ್ಯಾಗ ತಗೊಂಡಿದ್ದು ಅಕ್ಕಾ. ಇಲಿ ಮಾತು ಅವ್ರ ಹೇಳಿದ್ದು. ಮ್ಯಾಟ್ ಎತ್ತಿ ನೋಡ್ಲಿಲ್ಲ. ಬಾಬಾ ಇದ್ದಿದ್ರ ಮೊದಲ ಮ್ಯಾಟ್ ಎತ್ತತಿದ್ರು," ಎಂದ. ಗಿರಾಕಿಗೆ ಫೋನ್ ಹಚ್ಚಿದ. ರಿಂಗ್ ಆಯಿತು, ಎತ್ತಲಿಲ್ಲ. ಐದು ಸಲ ಹಚ್ಚಿದ. ಅಷ್ಟರಲ್ಲಿ ಅವನ ಮೊಬೈಲಿಗೇ ಒಂದು ಸಂದೇಶ ಬಂತು. ನೀಲಿ ಗಾಡಿಯ ಫಾಸ್ಟ್ಯಾಗ್ ಅವನ ಹೆಸರಿನಲ್ಲಿತ್ತು. ಗಾಡಿ ಪುಣೆ ಹೆದ್ದಾರಿಯ ಟೋಲ್ ನಾಕಾ ದಾಟಿತ್ತು. ಆ ರಸ್ತೆಯಲ್ಲಿ ಇಂಥ ಗಾಡಿಯನ್ನು ಯಾರೂ ನಿಧಾನಕ್ಕೆ ಓಡಿಸುವುದಿಲ್ಲ.

ಜೀಪನ್ನು ನಾನೇ ಓಡಿಸಿದೆ. ಅವನು ಪಕ್ಕದಲ್ಲಿ ಫೋನ್ ಹಚ್ಚುತ್ತಲೇ ಇದ್ದ. ಒಂದು ಕಡೆ ಜನ ಗುಂಪುಗೂಡಿ ನಿಂತಿದ್ದರು. ಅವನು ಕಣ್ಣು ಮುಚ್ಚಿಕೊಂಡ. ನೋಡಿದರೆ ಮೇವಿನ ಟ್ರ್ಯಾಲಿ ಉರುಳಿತ್ತು, ಬೇರೇನೂ ಇಲ್ಲ. ಮೋಹೋಳ ಊರು ದಾಟಿದ ಮೇಲೆ ಒಂದು ಚಹಾದಂಗಡಿಯ ಮುಂದೆ ನೀಲಿ ಬಣ್ಣ ಕಂಡಿತು. ಗಾಡಿ ಆಗಷ್ಟೇ ಹೊರಡುತ್ತಿತ್ತು. ನಾನು ಜೀಪನ್ನು ಅದರ ಮೂತಿಗೆ ಅಡ್ಡ ನಿಲ್ಲಿಸಿದೆ. ಆ ಮನುಷ್ಯ ಕಿಟಕಿ ಇಳಿಸಿ ಮರಾಠಿಯಲ್ಲಿ ಬೈಯತೊಡಗಿದ. ಪಕ್ಕದ ಸೀಟಿನಲ್ಲಿ ಹೆಂಡತಿ. ಅವಳ ತೊಡೆಯ ಮೇಲೆ ಎರಡು ವರ್ಷದ ಹೆಣ್ಣು ಕೂಸು, ಕೈಯಲ್ಲಿ ಬಿಸ್ಕೀಟು.

ಪರಾಗ ಬಾಗಿಲು ತೆಗೆದು, ಕೀಲಿ ಕಿತ್ತು, ಮೊಣಕಾಲೂರಿ ಮ್ಯಾಟ್ ಎತ್ತಿದ. ಬೆಸುಗೆ ಇತ್ತು, ಕಾಕಾ. ಅಡ್ಡಕ್ಕೆ, ಈ ಬದಿಯಿಂದ ಆ ಬದಿಗೆ. ಒಂದು ತುದಿಯಲ್ಲಿ ಬೆರಳುಗುರು ಹೋಗುವಷ್ಟು ಬಿಟ್ಟುಕೊಂಡಿತ್ತು. ಬೈಯುತ್ತಿದ್ದ ಮನುಷ್ಯನೂ ಬಗ್ಗಿ ನೋಡಿದ. ಕೂಸನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ದೂರ ಹೋಗಿ ನಿಂತ.

ಗಾಡಿಯನ್ನು ಓಡಿಸಲಿಲ್ಲ, ಕ್ರೇನ್ ಗಾಡಿಯ ಮೇಲೆ ಹೇರಿಸಿ ತಂದೆವು. ಸಂಜೆ ನಿಮ್ಮ ಮನೆಯ ಓಣಿಯವರೆಗೆ ಬಂದೆ. ಒಳಗೆ ಬರಲು ಧೈರ್ಯವಾಗಲಿಲ್ಲ. ನೀವಿನ್ನೂ ಅರ್ಜಿ ಕೊಟ್ಟಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಕೊಟ್ಟಿದ್ದರೆ ನನಗೆ ಹೇಳಿ, ಪರಾಗನಿಗೆ ನಾನೇ ತಿಳಿಸುತ್ತೇನೆ.

ತಪ್ಪು ನನ್ನದೂ ಇದೆ.

ಶಾರದಾ


ಸೊಲ್ಲಾಪುರ
31 ಜನವರಿ 2025

ಶಾರದಾ,

ಉತ್ತರ ತಡವಾಯಿತು. ಬೀರಣ್ಣ ಮೂರು ದಿನ ಬಂದು ಬರಿಗೈಯಲ್ಲಿ ಹೋದ.

ಅರ್ಜಿಯನ್ನು ನಾನು 22ಕ್ಕೇ ಕೊಟ್ಟಿದ್ದೆ. ಬರೆದು ಮುಗಿಸಿ, ಮರಾಠಿ ಸರಿಯಿದೆಯೇ ನೋಡು ಎಂದು ಜಾನಕಿಗೆ ಕೊಟ್ಟೆ. ಅವಳು ಓದಿ, ಮಡಚಿ, ಮರಳಿ ಕೊಟ್ಟಳು. ಒಂದಕ್ಷರವನ್ನೂ ಬದಲಿಸಲಿಲ್ಲ. ಅಂದೂ ಮರುದಿನವೂ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ. ನಿನ್ನ ಪತ್ರ ಓದಿದ ಮೇಲೆ ಅವಳನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. ಅವಳು ಬರೆದು ತೋರಿಸಿದಳು: "ಹೇಳಿದ್ರ ನೀವು ಅರ್ಜಿ ಕೊಡತಿದ್ದಿಲ್ಲೇನೋ ಅಂತ ಅಂಜಿಕಿ. ಕೊಡತಿದ್ರೇನೋ ಅಂತನೂ ಅಂಜಿಕಿ." ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ನನ್ನ ಬಗ್ಗೆ ಇಷ್ಟು ಭಯವಿತ್ತೆಂದು ನನಗೆ ಗೊತ್ತಿರಲಿಲ್ಲ.

ಪರಾಗನಿಗೆ ನೀನು ತಿಳಿಸುವುದು ಬೇಡವೆನಿಸಿತು. 28ರ ಮಧ್ಯಾಹ್ನ ನಾನೇ ಹೋದೆ. ಅವನು ಶೆಡ್ಡಿನಲ್ಲಿ ಒಬ್ಬನೇ ಇದ್ದ. ಬಾಯಿ ತೆರೆದು ಏನೋ ಹೇಳಿದ. ಕೇಳಿಸುವುದಿಲ್ಲ ಎಂದು ಕಿವಿ ತೋರಿಸಿದೆ. ಮೂರು ವರ್ಷದಲ್ಲಿ ಅದು ಇಷ್ಟು ಕೆಟ್ಟಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಆಚೀಚೆ ಕಾಗದ ಹುಡುಕಿದ. ಸಿಗಲಿಲ್ಲ. ಪಕ್ಕದಲ್ಲಿದ್ದ ಗಾಡಿಯ ಗಾಜಿನ ಮೇಲಿನ ಬೆಲೆಯನ್ನು ತೋಳಿನಿಂದ ಒರೆಸಿ, ಬೆಲೆ ಬರೆಯುವ ಬಿಳಿ ಪೆನ್ನಿನಿಂದ ಅಲ್ಲೇ ಮರಾಠಿಯಲ್ಲಿ ಬರೆದ. ಕಚೇರಿಯಿಂದ ನೋಟೀಸು ಬಂದಿದೆ, ಅರ್ಜಿದಾರರು ದಾಮೋದರ ಕುಲಕರ್ಣಿ ಎಂದು ಅದರಲ್ಲಿದೆ, ಎಂದು ಬರೆದ. ಅದರ ಕೆಳಗೆ: ಮಾರುವವನು ನಾನೆಂದು ಗೊತ್ತಿದ್ದರೆ ಕೊಡುತ್ತಿದ್ದಿರಾ?

ಸುಳ್ಳು ಹೇಳಬಹುದಿತ್ತು. "ಕೊಡತಿದ್ದೆ," ಎಂದೆ. "ಆದ್ರ ಮೊದಲ ನಿನ್ನ ಕಡೆ ಬರತಿದ್ದೆ. ನಿನ್ನ ಮುಂದ ಕುಂತು ಬರೀತಿದ್ದೆ."

ಅವನು ಎಲ್ಲವನ್ನೂ ಒರೆಸಿ ಒಂದೇ ಸಾಲು ಬರೆದ: ಗುರುವಾರ ಹತ್ತು ಗಂಟೆಗೆ ಕರೆದಿದ್ದಾರೆ. ನಾನು ಮನೆಗೆ ಬಂದೆ.

ನಿನ್ನೆ ಗುರುವಾರ. ಒಂಬತ್ತಕ್ಕೇ ಬಟ್ಟೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತೆ. ಬರುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಒಂಬತ್ತೂವರೆಗೆ ಅವನ ಸ್ಕೂಟರ್ ಓಣಿಗೆ ಬಂತು. ಇಳಿಯಲಿಲ್ಲ, ಒಳಗೂ ನೋಡಲಿಲ್ಲ. ಹಿಂದಿನ ಸೀಟನ್ನು ಕರವಸ್ತ್ರದಿಂದ ಒರೆಸಿದ. ಹತ್ತಿ ಕುಳಿತೆ.

ವಿಚಾರಣೆ ಮುಗಿಯುವವರೆಗೆ ಅಂಗಡಿಯ ಬಾಗಿಲು ಮುಚ್ಚಿರಬೇಕು. ಅದು ತಿಂಗಳೋ ಎರಡು ತಿಂಗಳೋ ಗೊತ್ತಿಲ್ಲ. ನೀಲಿ ಗಾಡಿಯನ್ನು ಕಚೇರಿಯವರು ತಮ್ಮ ಎದುರಿನಲ್ಲೇ ಗ್ಯಾಸ್ ಕಟರಿನಿಂದ ತುಂಡು ಮಾಡಿಸುತ್ತಾರೆ, ನಂಬರಿನ ತಗಡನ್ನೂ ಬಿಡುವುದಿಲ್ಲ. ಹರಾಜು ಮಾಡಿದವರ ವಿಳಾಸವನ್ನು ಪರಾಗ ಕೊಟ್ಟ. ಇವೆಲ್ಲ ಕೊನೆಗೆ ಆದ ಮಾತು. ಮೊದಲು ಆದದ್ದು ಬೇರೆ.

ಇನ್ಸ್‌ಪೆಕ್ಟರ್ ಒಬ್ಬ ಹೆಣ್ಣುಮಗಳು. ಪರಾಗನನ್ನು ಎದುರಿಗೆ ಕೂಡಿಸಿಕೊಂಡು ನನ್ನ ಅರ್ಜಿಯನ್ನು ಓದತೊಡಗಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಎಲ್ಲಿಗೆ ಬಂದಳೆಂದು ಪರಾಗನ ಕತ್ತು ನೋಡಿದರೇ ನನಗೆ ತಿಳಿಯುತ್ತಿತ್ತು. ನಿನಗೆ ಬರೆದ ಕೊಲೆಗಡುಕ ಎಂಬ ಶಬ್ದವನ್ನೇ ಅರ್ಜಿಯಲ್ಲೂ ಬರೆದಿದ್ದೆ; ಅದು ಬಂದಾಗ ಅವನು ತಲೆ ತಗ್ಗಿಸಿದ. ಅವಳು ಓದು ನಿಲ್ಲಿಸಿ ನನ್ನ ಕಡೆ ಕೈ ತೋರಿಸಿ ಅವನಿಗೆ ಏನೋ ಕೇಳಿದಳು. ಅವನು ಹಿಂದೆ ತಿರುಗದೆ ಉತ್ತರ ಕೊಟ್ಟ. ಏನೆಂದು ನನಗೆ ಕೇಳಿಸಲಿಲ್ಲ. ಅವಳು ಎದ್ದು, ಇನ್ನೊಂದು ಮೇಜಿನಿಂದ ತಾನೇ ಒಂದು ಕುರ್ಚಿ ತಂದು, ಅವನ ಪಕ್ಕದಲ್ಲಿ ಹಾಕಿ ನನ್ನನ್ನು ಕರೆದಳು.

ಒಂದು ಶಬ್ದ ತಿದ್ದಬೇಕು ಎಂದೆ. ಕೊಟ್ಟ ಅರ್ಜಿಯನ್ನು ತಿದ್ದಲು ಬರುವುದಿಲ್ಲ, ಬೇಕಾದರೆ ಇನ್ನೊಂದು ಪುಟ ಸೇರಿಸಬಹುದು ಎಂದು ಅವಳು ಬರೆದು ತೋರಿಸಿದಳು. ಅಲ್ಲೇ ಕುಳಿತು ಮರಾಠಿಯಲ್ಲೇ ಬರೆದೆ. ಮಾರುವವನು ನನ್ನ ಮಗ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಯಾರೆಂದು ವಿಚಾರಿಸದೆ ನಾನು ಒಂದು ಶಬ್ದ ಬರೆದಿದ್ದೇನೆ, ಅದು ಸುಳ್ಳು. ಉಳಿದ ಮಾತೆಲ್ಲ ನಿಜ.

ಸಹಿ ಮಾಡಿ ಪುಟವನ್ನು ಅವನ ಕಡೆ ಸರಿಸಿದೆ. ಅವನು ಕೊನೆಯವರೆಗೂ ಓದಿದ. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಯಾರೂ ಕೇಳದಿದ್ದರೂ, ನನ್ನ ಸಹಿಯ ಕೆಳಗೆ ತನ್ನ ಸಹಿ ಹಾಕಿದ.

ದಾಮೋದರ